ಅಲ್ಪಾಕದ ಹಟ್ಟಿ, ಕೋಳಿಯ ಗೂಡು



ನಮ್ಮ ಶಾಲೆಯಲ್ಲಿಯೇ ಓದಿ, ಈಗ ತಂದೆಯ ಮೂರು ಎಕರೆ ಹೊಲವನ್ನು ನೋಡಿಕೊಳ್ಳುತ್ತಿರುವ ಯುವಕನೊಬ್ಬನು ಈಚೆಗೆ ಒಂದು ಪ್ರಶ್ನೆಯನ್ನು ನನ್ನ ಮುಂದಿಟ್ಟನು: “ಮೇಷ್ಟ್ರೇ, ಇಂಗ್ಲೆಂಡಿನಲ್ಲಿ ನಮ್ಮಷ್ಟೇ ಭೂಮಿ ಉಳ್ಳವರು ಅಲ್ಪಾಕ ಎಂಬ ಉಣ್ಣೆಯ ಪ್ರಾಣಿಯನ್ನೂ ಕೋಳಿಗಳನ್ನೂ ಒಂದೇ ಬೇಲಿಯೊಳಗೆ ಸಾಕುತ್ತಾರಂತೆ. ಉಣ್ಣೆಗೆ ಉಣ್ಣೆ, ಮೊಟ್ಟೆಗೆ ಮೊಟ್ಟೆ. ನಾವೂ ಏಕೆ ಸಾಕಬಾರದು?” ಪ್ರಶ್ನೆ ಸಾಧುವಾದುದು. ಆದರೆ ಇದಕ್ಕೆ ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದು ಸಾಧ್ಯವಿಲ್ಲ. ಮೊದಲು ಆ ಪ್ರಾಣಿ ಯಾವುದು, ಅದರ ಹಟ್ಟಿಯಲ್ಲಿ ಬೆಳಗಿನಿಂದ ಬೈಗಿನವರೆಗೆ ಏನೇನು ನಡೆಯುತ್ತದೆ ಎಂಬುದನ್ನು ತಿಳಿಯೋಣ. ಲಾಭನಷ್ಟದ ವಿಚಾರವನ್ನು ಆಮೇಲೆ ಎತ್ತಿಕೊಳ್ಳೋಣ.

ಅಲ್ಪಾಕವು ಒಂಟೆಯ ಬಳಗಕ್ಕೆ ಸೇರಿದುದು. ಆದರೆ ಡುಬ್ಬವಿಲ್ಲ, ಕೊಂಬೂ ಇಲ್ಲ. ನೀಳವಾದ ಕೊರಳು, ಸೀಳಿದ ಮೇಲ್ದುಟಿ, ಮೈತುಂಬ ಮೆತ್ತನೆಯ ಉಣ್ಣೆ. ಇದರ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳು. ಪೆರು, ಬೊಲಿವಿಯ, ಚಿಲಿ ದೇಶಗಳಲ್ಲಿ ಸಮುದ್ರಮಟ್ಟದಿಂದ ಮೂರೂವರೆ ಸಾವಿರ ಮೀಟರಿಗೂ ಮೇಲಿರುವ ಬಯಲುಗಳಲ್ಲಿ ಇದು ಮೇಯುತ್ತದೆ. ಅಲ್ಲಿಯ ಜನರು ವಿಕುನ್ಯ ಎಂಬ ಕಾಡುಪ್ರಾಣಿಯನ್ನು ಸಾವಿರಾರು ವರ್ಷಗಳ ಹಿಂದೆಯೇ ಪಳಗಿಸಿ ಈ ತಳಿಯನ್ನು ಪಡೆದರು. ಜಗತ್ತಿನ ಅಲ್ಪಾಕಗಳಲ್ಲಿ ಹೆಚ್ಚಿನ ಪಾಲು ಇಂದಿಗೂ ಪೆರು ದೇಶದಲ್ಲಿಯೇ ಇದೆ. ಮರಗಳೇ ಬೆಳೆಯದ ಆ ಎತ್ತರದಲ್ಲಿ ಉಣ್ಣೆಯೂ ಮಾಂಸವೂ ಅದರಿಂದಲೇ. ಒಲೆಗೆ ಸೌದೆಯಾಗಿ ಒಣಗಿದ ಹಿಕ್ಕೆಯೂ ಅದರಿಂದಲೇ. ವಿಶ್ವಸಂಸ್ಥೆಯು ೨೦೨೪ನೆಯ ಇಸವಿಯನ್ನು ಒಂಟೆಯ ಬಳಗದ ಪ್ರಾಣಿಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿದುದು ಇಂತಹ ಬಡ ಕುರಿಗಾಹಿ ಕುಟುಂಬಗಳ ಕಡೆಗೆ ಲೋಕದ ಕಣ್ಣನ್ನು ಹೊರಳಿಸುವುದಕ್ಕಾಗಿಯೇ.

ನಮ್ಮವರಿಗೆ ಅಲ್ಪಾಕ ಎಂಬ ಹೆಸರು ತೀರ ಹೊಸತಲ್ಲ. ಬ್ರಿಟಿಷರ ಕಾಲದಲ್ಲಿ ವಕೀಲರೂ ಗುಮಾಸ್ತರೂ ಧರಿಸುತ್ತಿದ್ದ ಕಪ್ಪು ಅಲ್ಪಾಕ ಕೋಟನ್ನು ಹಿರಿಯರು ಬಲ್ಲರು. ಇಂಗ್ಲೆಂಡಿನ ಬ್ರ್ಯಾಡ್‌ಫರ್ಡಿನ ಟೈಟಸ್ ಸಾಲ್ಟ್ ಎಂಬ ಗಿರಣಿಯ ಮಾಲೀಕನು ೧೮೩೬ರಲ್ಲಿ ಲಿವರ್‌ಪೂಲ್ ಬಂದರಿನಲ್ಲಿ ಯಾರೂ ಕೊಳ್ಳದೆ ಬಿದ್ದಿದ್ದ ಅಲ್ಪಾಕ ಉಣ್ಣೆಯ ಮೂಟೆಗಳನ್ನು ಕಂಡು, ಕೊಂಡು, ಹತ್ತಿಯ ಹಾಸಿಗೆ ಅಲ್ಪಾಕದ ಹೊಕ್ಕು ಹಾಕಿ ಹೊಳಪಿನ ಬಟ್ಟೆಯನ್ನು ನೇಯಿಸಿದನು. ಆ ಬಟ್ಟೆಯಿಂದ ಬಂದ ಹಣದಲ್ಲಿಯೇ ೧೮೫೩ರಲ್ಲಿ ಸಾಲ್ಟೇರ್ ಎಂಬಲ್ಲಿ ದೊಡ್ಡ ಗಿರಣಿಯನ್ನು ತೆರೆದು, ಕೆಲಸಗಾರರಿಗೆ ಒಂದು ಊರನ್ನೇ ಕಟ್ಟಿಸಿದನು. ಅಂತೂ ಪ್ರಾಣಿಯು ನಮ್ಮ ಸೀಮೆಗೆ ಬರುವ ಮೊದಲೇ ಅದರ ಹೆಸರು ಬಟ್ಟೆಯ ಅಂಗಡಿಯ ಮಾರ್ಗವಾಗಿ ಬಂದಿತ್ತು.

ಇನ್ನು ದಿನಚರಿಯ ಮಾತು. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಎರಡು ಎಕರೆ ಹುಲ್ಲುಗಾವಲು, ನಾಲ್ಕು ಅಲ್ಪಾಕ, ಇಪ್ಪತ್ತು ಹೇಂಟೆ ಇರುವ ಒಂದು ಸಣ್ಣ ಹಿಡುವಳಿಯನ್ನು ಊಹಿಸಿಕೊಳ್ಳಿರಿ. ಬೆಳಕು ಹರಿಯುತ್ತಲೇ ಮೊದಲ ಕೆಲಸ ಕೋಳಿಗೂಡಿನ ಬಾಗಿಲು ತೆರೆಯುವುದು. ಒಂದು ಹೇಂಟೆಗೆ ದಿನಕ್ಕೆ ಸುಮಾರು ೧೨೦ ಗ್ರಾಂ ಆಹಾರ ಬೇಕು. ಇಪ್ಪತ್ತಕ್ಕೆ ಎರಡೂವರೆ ಕಿಲೋಗ್ರಾಮಿನಷ್ಟಾಯಿತು. ನಮ್ಮ ಮನೆಗಳಲ್ಲಿ ತಾಯಂದಿರು ಉಂಡುಳಿದ ಅನ್ನವನ್ನೂ ಮುದ್ದೆಯ ಚೂರನ್ನೂ ಅಂಗಳಕ್ಕೆ ಚೆಲ್ಲಿ ಕೋಳಿಗಳನ್ನು ಕರೆಯುತ್ತಾರಲ್ಲವೇ? ಆ ದೇಶದಲ್ಲಿ ಅದು ಕಾನೂನಿಗೆ ವಿರುದ್ಧ! ೨೦೦೧ರಲ್ಲಿ ಅಲ್ಲಿ ಕಾಲುಬಾಯಿ ಜ್ವರ ಹಬ್ಬಿ ಲಕ್ಷಾಂತರ ದನಕುರಿಗಳನ್ನು ಕೊಲ್ಲಬೇಕಾಗಿ ಬಂದ ಮೇಲೆ, ಅಡುಗೆಮನೆಯಲ್ಲಿ ಉಳಿದುದನ್ನು ಸಾಕುಪ್ರಾಣಿಗಳಿಗೆ ಹಾಕಬಾರದೆಂದು ನಿಷೇಧಿಸಲಾಯಿತು. ಕೋಳಿಯ ಪ್ರತಿಯೊಂದು ಕಾಳೂ ಅಂಗಡಿಯಿಂದ ಅಥವಾ ಹೊಲದಿಂದಲೇ ಬರಬೇಕು. ನಮ್ಮ ಹಿತ್ತಿಲ ಕೋಳಿಗೂ ಅವರ ಹಿತ್ತಿಲ ಕೋಳಿಗೂ ಇರುವ ಖರ್ಚಿನ ಅಂತರವು ಇಲ್ಲಿಯೇ ಆರಂಭವಾಗುತ್ತದೆ.

ಕೋಳಿಗಳಾದ ಮೇಲೆ ಅಲ್ಪಾಕಗಳ ಸರದಿ. ಎಣಿಸುವುದು ಮೊದಲು, ನೋಡುವುದು ಆಮೇಲೆ. ಯಾವುದು ಕುಂಟುತ್ತಿದೆ, ಯಾವುದು ಮೇವಿಗೆ ಬಾಯಿ ಹಾಕುತ್ತಿಲ್ಲ, ಯಾವುದು ಹಿಂಡಿನಿಂದ ದೂರ ಮಲಗಿದೆ ಎಂಬುದನ್ನು ಕಣ್ಣಿನಿಂದಲೇ ಅಳೆಯಬೇಕು. ಈ ಪ್ರಾಣಿಯು ನೋವನ್ನು ಬಹಳ ಹೊತ್ತು ಬಚ್ಚಿಡುತ್ತದೆ. ಬಾಯಿಬಿಟ್ಟು ಅರಚುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ. ಹುಲ್ಲು ಸಾಲದ ಚಳಿಗಾಲದಲ್ಲಿ ಒಣಹುಲ್ಲನ್ನು ಒದಗಿಸಬೇಕು. ಆಂಡೀಸಿನ ಪ್ರಖರವಾದ ಬಿಸಿಲಿಗೆ ಹೊಂದಿಕೊಂಡ ಜೀವವಾದುದರಿಂದ ಇಂಗ್ಲೆಂಡಿನ ಮಬ್ಬು ಚಳಿಗಾಲದಲ್ಲಿ ಅದಕ್ಕೆ, ವಿಶೇಷವಾಗಿ ಮರಿಗಳಿಗೆ, ಡಿ ಜೀವಸತ್ವದ ಕೊರತೆಯುಂಟಾಗಿ ಮೂಳೆಗಳು ಸೊಟ್ಟಗಾಗುತ್ತವೆ. ಆದುದರಿಂದ ಆ ಜೀವಸತ್ವವನ್ನು ಹೊರಗಿನಿಂದ ಕೊಡಬೇಕಾಗುತ್ತದೆ. ಉಗುರುಗಳನ್ನು ಎರಡು ಮೂರು ತಿಂಗಳಿಗೊಮ್ಮೆ ಕತ್ತರಿಸಬೇಕು. ಹೊಟ್ಟೆಯ ಹುಳುವಿಗಾಗಿ ಹಿಕ್ಕೆಯನ್ನು ಪರೀಕ್ಷಿಸಿ ಔಷಧ ಹಾಕಬೇಕು.

ಒಂದು ವಿಷಯದಲ್ಲಿ ಅಲ್ಪಾಕವು ನಮ್ಮ ಕುರಿಮೇಕೆಗಳಿಗೆ ಮೇಲ್ಪಂಕ್ತಿ. ಹಿಂಡಿನ ಪ್ರಾಣಿಗಳೆಲ್ಲವೂ ಗೊತ್ತಾದ ಒಂದೆರಡು ಸ್ಥಳಗಳಲ್ಲಿಯೇ ಹಿಕ್ಕೆ ಹಾಕುತ್ತವೆ. ಗುದ್ದಲಿಯನ್ನೂ ಮಂಕರಿಯನ್ನೂ ಹಿಡಿದು ಹೋದರೆ ಗುಡಿಸುವ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಗೊಬ್ಬರವೂ ಒಂದೇ ಕಡೆ ಸಿಕ್ಕುತ್ತದೆ. ಕೋಳಿಗಳು ಅದನ್ನು ಕೆದಕಿ ಹುಳುಹುಪ್ಪಟೆಗಳನ್ನು ಹೆಕ್ಕಿ ತಿನ್ನುತ್ತವೆ. ಅಲ್ಪಾಕವು ಅದಕ್ಕೆ ಪ್ರತಿಯಾಗಿ ಕಾವಲು ಕಾಯುತ್ತದೆ. ನರಿಯನ್ನು ಕಂಡರೆ ಅದು ಕಿವಿ ನಿಮಿರಿಸಿ, ವಿಚಿತ್ರವಾದ ಕೀರಲು ಧ್ವನಿಯಲ್ಲಿ ಕೂಗಿ, ಕೆಲವೊಮ್ಮೆ ಅಟ್ಟಿಸಿಕೊಂಡೂ ಹೋಗುತ್ತದೆ. ಈ ಕಾರಣದಿಂದಲೇ ಇಂಗ್ಲೆಂಡಿನ ಕೆಲವು ಕೋಳಿಸಾಕಣೆಯವರು ಬೀಜ ಒಡೆಸಿದ ಎರಡು ಮೂರು ಗಂಡು ಅಲ್ಪಾಕಗಳನ್ನು ಕಾವಲಿಗೆಂದೇ ಇಟ್ಟುಕೊಳ್ಳುತ್ತಾರೆ. ಆದರೆ ಇದು ನರಿಯ ಮಟ್ಟಿಗೆ ಮಾತ್ರ. ನಾಯಿಗಳ ಹಿಂಡು ಬಂದರೆ ಅಲ್ಪಾಕವೇ ಬಲಿ. ಚಿರತೆಯೂ ಸೀಳುನಾಯಿಯೂ ತಿರುಗುವ ನಮ್ಮ ತಾಳವಾಡಿಯ ಕಾಡಂಚಿನಲ್ಲಿ ಈ ಕಾವಲುಗಾರನಿಗೇ ಇನ್ನೊಬ್ಬ ಕಾವಲುಗಾರನು ಬೇಕಾದೀತು.

ಒಂದೇ ಬೇಲಿಯೊಳಗೆ ಸಾಕುವವರು ಮರೆಯಬಾರದ ಅಪಾಯವೊಂದಿದೆ. ಕೋಳಿಗಳ ರಕ್ತಭೇದಿ ರೋಗವನ್ನು ತಡೆಯಲು ಅವುಗಳ ಆಹಾರದಲ್ಲಿ ಮೊನೆನ್ಸಿನ್, ಸಾಲಿನೋಮೈಸಿನ್ ಮುಂತಾದ ಔಷಧಗಳನ್ನು ಬೆರೆಸುವುದುಂಟು. ಕೋಳಿಗೆ ಅದು ರಕ್ಷೆ. ಅಲ್ಪಾಕಕ್ಕೆ ಅದೇ ವಿಷ. ಸ್ನಾಯುಗಳೂ ಹೃದಯವೂ ಕೆಟ್ಟು ಪ್ರಾಣಿಯು ಸಾಯಬಹುದು. ಕುದುರೆಗೂ ಹಾಗೆಯೇ. ಆದುದರಿಂದ ಕೋಳಿಯ ತೊಟ್ಟಿಯು ಅಲ್ಪಾಕದ ನೀಳವಾದ ಕೊರಳಿಗೆ ನಿಲುಕದಂತಿರಬೇಕು. ಒಂದೇ ಅಂಗಳದಲ್ಲಿ ಇಬ್ಬರು ಅತಿಥಿಗಳಿದ್ದರೂ ಎಲೆ ಬೇರೆ ಬೇರೆ.

ಮಧ್ಯಾಹ್ನಕ್ಕೆ ಮೊಟ್ಟೆ ಆರಿಸುವ ಕೆಲಸ. ಹೇಂಟೆ ಚೆನ್ನಾಗಿ ಇಡಬೇಕಾದರೆ ದಿನಕ್ಕೆ ಸುಮಾರು ಹದಿನಾಲ್ಕು ಗಂಟೆಯ ಬೆಳಕು ಬೇಕು. ಚಳಿಗಾಲದಲ್ಲಿ ಅಲ್ಲಿಯ ಹಗಲು ಎಂಟು ಗಂಟೆಗೆ ಇಳಿಯುವುದರಿಂದ ದೀಪವಿಡದ ಗೂಡುಗಳಲ್ಲಿ ಮೊಟ್ಟೆ ಬಹುಮಟ್ಟಿಗೆ ನಿಂತೇಹೋಗುತ್ತದೆ. ಸಮಭಾಜಕವೃತ್ತಕ್ಕೆ ಹತ್ತಿರವಿರುವ ನಮಗೆ ಪ್ರಕೃತಿಯೇ ಈ ಅನುಕೂಲವನ್ನು ಉಚಿತವಾಗಿ ಕೊಟ್ಟಿದೆ. ಹೆಚ್ಚಾದ ಮೊಟ್ಟೆಗಳನ್ನು ಅವರು ಗೇಟಿನ ಬಳಿ ಒಂದು ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ಹಣದ ಡಬ್ಬಿಯೊಂದನ್ನು ಇಡುತ್ತಾರೆ. ದಾರಿಹೋಕರು ಮೊಟ್ಟೆಯನ್ನು ತೆಗೆದುಕೊಂಡು ತಾವಾಗಿಯೇ ಹಣವನ್ನು ಹಾಕಿ ಹೋಗುತ್ತಾರೆ. ಹಕ್ಕಿಜ್ವರದ ಭೀತಿ ಬಂದಾಗ ಮಾತ್ರ ಈ ನೆಮ್ಮದಿ ಕದಡುತ್ತದೆ. ೨೦೧೬ರ ಚಳಿಗಾಲದಲ್ಲಿಯೂ ೨೦೨೧ರ ಬಳಿಕವೂ ಕೋಳಿಗಳನ್ನು ತಿಂಗಳುಗಟ್ಟಲೆ ಹೊರಗೆ ಬಿಡಬಾರದೆಂದು ಅಲ್ಲಿಯ ಸರಕಾರವು ಆಜ್ಞೆ ಹೊರಡಿಸಿತು. ೨೦೨೪ರ ಅಕ್ಟೋಬರಿನಿಂದ ಒಂದೇ ಕೋಳಿ ಇದ್ದರೂ ಅದನ್ನು ಸರಕಾರದಲ್ಲಿ ನೋಂದಾಯಿಸಬೇಕೆಂಬ ನಿಯಮವು ಇಂಗ್ಲೆಂಡಿನಲ್ಲಿ ಜಾರಿಗೆ ಬಂದಿತು.

ವರ್ಷದ ದೊಡ್ಡ ಕೆಲಸಗಳು ಎರಡು. ಮೊದಲನೆಯದು ಉಣ್ಣೆ ಕತ್ತರಿಸುವುದು. ಬೇಸಗೆಯ ಆರಂಭದಲ್ಲಿ ವರ್ಷಕ್ಕೊಮ್ಮೆ ಪ್ರಾಣಿಯ ಮುಂಗಾಲು ಹಿಂಗಾಲುಗಳನ್ನು ಹಗ್ಗದಿಂದ ಎಳೆದು ಮಲಗಿಸಿ, ಯಂತ್ರದ ಕತ್ತರಿಯಿಂದ ಕೆಲವೇ ನಿಮಿಷಗಳಲ್ಲಿ ತೆಗೆಯುತ್ತಾರೆ. ಒಂದರಿಂದ ಎರಡರಿಂದ ನಾಲ್ಕು ಕಿಲೋಗ್ರಾಮಿನಷ್ಟು ಸಿಕ್ಕೀತು. ಕುರಿಯ ಉಣ್ಣೆಯಲ್ಲಿರುವ ಜಿಡ್ಡು ಇದರಲ್ಲಿ ಇಲ್ಲವೆನ್ನುವಷ್ಟು ಕಡಮೆ. ಎರಡನೆಯದು ಮರಿಹಾಕುವ ಕಾಲ. ಗರ್ಭಧಾರಣೆ ಹನ್ನೊಂದೂವರೆ ತಿಂಗಳು. ಒಂದು ಸಲಕ್ಕೆ ಒಂದೇ ಮರಿ, ಅವಳಿ ಅತ್ಯಪರೂಪ. ಮರಿಯು ಸಾಮಾನ್ಯವಾಗಿ ಹಗಲಿನಲ್ಲಿಯೇ, ಅದರಲ್ಲಿಯೂ ಬಹುಮಟ್ಟಿಗೆ ಮಧ್ಯಾಹ್ನದೊಳಗೆ ಹುಟ್ಟುತ್ತದೆ. ಆಂಡೀಸಿನ ಕೊರೆಯುವ ರಾತ್ರಿಗೆ ಮುನ್ನ ಮರಿಯ ಮೈ ಒಣಗಿ ಅದು ಎದ್ದು ನಿಲ್ಲಬೇಕಲ್ಲವೇ? ಈ ಪ್ರಾಣಿಯು ಆ ತವರಿನ ಪಾಠವನ್ನು ಪರದೇಶಕ್ಕೆ ಹೋದರೂ ಮರೆತಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನಾಲ್ಕು ಅಲ್ಪಾಕಗಳಿಂದ ವರ್ಷಕ್ಕೆ ಹನ್ನೆರಡು ಕಿಲೋಗ್ರಾಂ ಉಣ್ಣೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಬೆನ್ನು ಮತ್ತು ಪಕ್ಕೆಗಳ ಉಣ್ಣೆಯು ಮಾತ್ರ ನಯವಾದ ನೂಲಿಗೆ ಯೋಗ್ಯ. ಕಾಲು ಹೊಟ್ಟೆಗಳದು ಒರಟು. ಕತ್ತರಿಸುವವನ ಕೂಲಿ, ನೂಲುವ ಗಿರಣಿಯ ಕೂಲಿ, ವೈದ್ಯರ ಖರ್ಚು, ಬೇಲಿಯ ಖರ್ಚು ಇವನ್ನೆಲ್ಲ ಕಳೆದರೆ ಉಳಿಯುವುದು ಅತ್ಯಲ್ಪ. ಆದುದರಿಂದಲೇ ಇಂಗ್ಲೆಂಡಿನ ಅನೇಕ ಸಣ್ಣ ಹಿಡುವಳಿದಾರರು ಪಟ್ಟಣದ ಜನರಿಗೆ ಅಲ್ಪಾಕದ ಹಗ್ಗವನ್ನು ಕೈಗೆ ಕೊಟ್ಟು, ಗಂಟೆಗಿಷ್ಟೆಂದು ಹಣ ಪಡೆದು, ಹೊಲದ ದಾರಿಯಲ್ಲಿ ಅಡ್ಡಾಡಿಸಿಕೊಂಡು ಬರುತ್ತಾರೆ. ಉಣ್ಣೆಗಿಂತ ಈ ನಡಿಗೆಯೇ ಎಷ್ಟೋ ಕಡೆ ಹಟ್ಟಿಯನ್ನು ಪೋಷಿಸುತ್ತಿದೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಕಥೆಯು ಇನ್ನೂ ಬೋಧಪ್ರದವಾಗಿದೆ. ೧೯೮೪ರ ಸುಮಾರಿಗೆ ಅಲ್ಲಿ ಅಲ್ಪಾಕದ ಆಮದು ಆರಂಭವಾಯಿತು. ೧೯೯೮ರಲ್ಲಿ ಆಮದಾದ ಪ್ರಾಣಿಗಳಿಗೆ ವಂಶಾವಳಿಯ ಪುಸ್ತಕದಲ್ಲಿ ಸ್ಥಾನವಿಲ್ಲವೆಂದು ಸಾಕಣೆದಾರರ ಸಂಘವೇ ಬಾಗಿಲು ಮುಚ್ಚಿತು. ಅದರಿಂದ ಬೆಲೆಯು ಏರಿ, ತಳಿಗೆ ಯೋಗ್ಯವಾದ ಒಂದೊಂದು ಹೆಣ್ಣಿಗೂ ಹತ್ತಾರು ಸಾವಿರ ಡಾಲರುಗಳಾದವು. ಕೊಂಡವನು ಮರಿಗಳನ್ನು ಮತ್ತೊಬ್ಬ ಹೊಸಬನಿಗೆ ಮಾರುತ್ತಿದ್ದನು; ಅವನು ಮಗದೊಬ್ಬನಿಗೆ. ಉಣ್ಣೆಯನ್ನು ಕೊಳ್ಳುವವನು ಈ ಸರಪಳಿಯಲ್ಲಿ ಎಲ್ಲಿಯೂ ಇರಲಿಲ್ಲ. ಕ್ಯಾಲಿಫೋರ್ನಿಯದ ಇಬ್ಬರು ಅರ್ಥಶಾಸ್ತ್ರಜ್ಞರು, ಸೈಟೋನ್ ಮತ್ತು ಸೆಕ್ಸ್‌ಟನ್ ಎಂಬವರು, ಈ ಬೆಲೆಗೂ ಉಣ್ಣೆಯ ಮೌಲ್ಯಕ್ಕೂ ಸಂಬಂಧವೇ ಇಲ್ಲ, ಇದು ನೀರಿನ ಗುಳ್ಳೆ ಎಂದು ೨೦೦೭ರಲ್ಲಿ ಬರೆದರು. ಕೆಲವೇ ವರ್ಷಗಳಲ್ಲಿ ಗುಳ್ಳೆ ಒಡೆಯಿತು. ಸಾವಿರಾರು ಡಾಲರು ಕೊಟ್ಟು ತಂದ ಪ್ರಾಣಿಗಳನ್ನು ಕೆಲವರು ಬಿಟ್ಟಿಯಾಗಿ ಕೊಡಬೇಕಾಗಿ ಬಂತು.

ಇಷ್ಟು ದೂರ ಹೋಗುವುದೇಕೆ? ನಮ್ಮದೇ ಈರೋಡು ಜಿಲ್ಲೆಯ ಪೆರುಂದುರೈ ಕಡೆಯಲ್ಲಿ ೨೦೧೨ರಲ್ಲಿ ನಡೆದ ಎಮು ಹಕ್ಕಿಯ ಪ್ರಕರಣವು ನೆನಪಿದೆಯಷ್ಟೆ? ಆಸ್ಟ್ರೇಲಿಯದ ಆ ಹಕ್ಕಿಯ ಮರಿಗಳನ್ನು ಸಾಕಲು ಕೊಟ್ಟು, ಠೇವಣಿ ಕಟ್ಟಿಸಿಕೊಂಡು, ತಿಂಗಳು ತಿಂಗಳೂ ಹಣ ಕೊಡುವೆವೆಂದು ನಂಬಿಸಲಾಯಿತು. ಚಲನಚಿತ್ರ ನಟರು ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಮೊದಮೊದಲು ಹಣ ಬಂತು. ಬಂದುದು ಹಿಂದಿನಿಂದ ಸೇರಿದವರ ಠೇವಣಿಯಿಂದಲೇ. ಆ ವರ್ಷದ ಆಗಸ್ಟಿನಲ್ಲಿ ಎಲ್ಲವೂ ಕುಸಿಯಿತು. ಹಸಿದ ಹಕ್ಕಿಗಳಿಗೆ ಸರಕಾರದ ಪಶುಸಂಗೋಪನಾ ಇಲಾಖೆಯೇ ಮೇವು ಹಾಕಬೇಕಾಯಿತು. ಒಡವೆಯನ್ನು ಅಡವಿಟ್ಟು ಠೇವಣಿ ಕಟ್ಟಿದ ಕುಟುಂಬಗಳಿಗೆ ಮೇವು ಹಾಕುವವರು ಯಾರು? ಎಮು ಪಾಪದ ಹಕ್ಕಿ. ಅಲ್ಪಾಕವೂ ಸಾಧುವಾದ ಜೀವ. ಮರಿಯನ್ನು ಮಾರುವುದೇ ಬೆಳೆಯಾಗಿ, ಉತ್ಪನ್ನವನ್ನು ಕೊಳ್ಳುವವರೇ ಇಲ್ಲದಿರುವುದರಲ್ಲಿ ದೋಷವಿದೆ.

ಹಾಗಾದರೆ ನಮ್ಮ ಯುವಕನು ಏನು ಮಾಡಬೇಕು? ಯಾವುದೇ ಹೊಸ ಪ್ರಾಣಿಯನ್ನು ಹಟ್ಟಿಗೆ ತರುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದು ಉತ್ತರಿಸಲಿ. ಒಂದು, ಅದರ ಉಣ್ಣೆಯನ್ನೋ ಮಾಂಸವನ್ನೋ ಮೊಟ್ಟೆಯನ್ನೋ ನಮ್ಮ ಸಂತೆಯಲ್ಲಿ ಇಂದು ಕೊಳ್ಳುವವರಿದ್ದಾರೆಯೇ? ಎರಡು, ಅದು ಕಾಯಿಲೆ ಬಿದ್ದರೆ ಅರಿತ ಪಶುವೈದ್ಯರು ಒಂದು ದಿನದೊಳಗೆ ಸಿಕ್ಕುವರೇ? ಮೂರು, ಅದರ ಮೇವು ನಮ್ಮ ಹೊಲದಲ್ಲಿ ಬೆಳೆಯುವುದೇ? ನಾಲ್ಕು, ಅದನ್ನು ಮಾರುವವನ ಲಾಭವು ನಮ್ಮ ಗೆಲುವಿನಿಂದ ಬರುವುದೋ, ನಾವು ಕೊಟ್ಟ ಹಣದಿಂದಲೇ ಬಂದುಬಿಡುವುದೋ? ಅಲ್ಪಾಕದ ವಿಷಯದಲ್ಲಿ ಮೊದಲಿನ ಎರಡಕ್ಕೂ ನಮ್ಮ ಸೀಮೆಯಲ್ಲಿ ಉತ್ತರ “ಇಲ್ಲ” ಎಂದೇ. ಮೇಲಾಗಿ ಹೊರದೇಶದಿಂದ ಪ್ರಾಣಿಯನ್ನು ತರುವುದಕ್ಕೆ ಕೇಂದ್ರ ಸರಕಾರದ ಪರವಾನಗಿಯೂ ರೋಗಪರೀಕ್ಷೆಯ ದಿಗ್ಬಂಧನವೂ ಅಗತ್ಯ.

ಉಣ್ಣೆಯ ಮೇಲೆಯೇ ಮನಸ್ಸಿದ್ದರೆ ಪಕ್ಕದ ಬೆಟ್ಟವನ್ನು ನೋಡಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಕೊಯಮತ್ತೂರಿನ ಕುರಿಗೆ ಟಾಸ್ಮೇನಿಯದ ಮೆರಿನೊ ಮುಂತಾದ ತಳಿಗಳನ್ನು ಕೂಡಿಸಿ ಬೆಳೆದುಬಂದ ನೀಲಗಿರಿ ಕುರಿಯು ನಯವಾದ ಉಣ್ಣೆಯನ್ನು ಕೊಡುತ್ತದೆ. ಉದಕಮಂಡಲದ ಬಳಿಯ ಸ್ಯಾಂಡಿನಲ್ಲದಲ್ಲಿ ಅದಕ್ಕಾಗಿಯೇ ಸರಕಾರಿ ಸಂಶೋಧನಾ ಕೇಂದ್ರವಿದೆ. ಮೇಯುವ ಬಯಲು ಕುಗ್ಗಿ ಈ ತಳಿಯ ಸಂಖ್ಯೆಯು ಇಳಿದುಹೋಗಿದೆ. ಪರದೇಶದ ಉಣ್ಣೆಗೆ ಬೆರಗಾಗುವ ನಾವು ನೆರೆಯ ಬೆಟ್ಟದ ಉಣ್ಣೆಯನ್ನು ಕಾಣದಿರುವುದು ಸರಿಯಲ್ಲ.

ಬಂಡವಾಳ ಕಡಮೆಯಿದ್ದರೆ ಹಿತ್ತಿಲ ನಾಟಿಕೋಳಿಯೇ ಸಾಕು. ಹೇಂಟೆಯೊಂದು ಇಪ್ಪತ್ತೊಂದು ದಿನ ಕಾವು ಕುಳಿತು ಮರಿಯೊಡೆಸುವುದಕ್ಕೆ ಯಾರ ಠೇವಣಿಯೂ ಬೇಡ. ಮಂಕರಿಯೊಂದು, ರಾತ್ರಿಗೆ ಭದ್ರವಾದ ಗೂಡು, ಕಾಲಕ್ಕೆ ಸರಿಯಾಗಿ ಕೊಕ್ಕರೆ ರೋಗದ ಲಸಿಕೆ, ಇಷ್ಟಿದ್ದರೆ ಮನೆಯ ಹೆಣ್ಣುಮಕ್ಕಳ ಕೈಯಲ್ಲಿ ನಾಲ್ಕು ಕಾಸು ಆಡುತ್ತದೆ. ಎರಡು ಕುರಿಯನ್ನು ಪಾಲಿಗೆ ಹಿಡಿದರೆ ಗೊಬ್ಬರವೂ ದಕ್ಕುತ್ತದೆ. ದಿನಚರಿಯು ಇಂಗ್ಲೆಂಡಿನದೇ: ಬೆಳಗ್ಗೆ ಬಾಗಿಲು ತೆರೆ, ಎಣಿಸು, ನೋಡು, ಗುಡಿಸು, ಬೈಗಿಗೆ ಮುಚ್ಚು. ಈ ಐದು ಕೆಲಸಗಳನ್ನು ಒಂದು ವರ್ಷ ತಪ್ಪದೆ ಮಾಡಿದವನು ಮುಂದೆ ಯಾವ ಪ್ರಾಣಿಯನ್ನಾದರೂ ಸಾಕಬಲ್ಲನು. ಆ ಯುವಕನು ಹತ್ತು ಹೇಂಟೆಗಳಿಂದ ಆರಂಭಿಸಲಿ. ಖರ್ಚುವೆಚ್ಚದ ಪುಸ್ತಕವೊಂದನ್ನು ಅಂದಿನಿಂದಲೇ ಬರೆದಿಡಲಿ. ಆ ಪುಸ್ತಕವನ್ನು ಬರುವ ಯುಗಾದಿಗೆ ನನಗೆ ತೋರಿಸಬೇಕೆಂದು ಅವನಿಗೆ ಹೇಳಿದ್ದೇನೆ.