ಕಾರಿನ ಬೆನ್ನಿಗೊಂದು ಮನೆ: ಎಷ್ಟು ಭಾರ ಹೇರಬಹುದು?

ಬ್ರಿಟನ್ನಿನಲ್ಲಿ ಬೇಸಿಗೆ ರಜೆ ಬಂತೆಂದರೆ ಹೆದ್ದಾರಿಗಳಲ್ಲಿ ಪುಟ್ಟ ಮನೆಗಳ ಮೆರವಣಿಗೆ. ಕಾರಿನ ಹಿಂದೆ ಬಿಳಿ ಪೆಟ್ಟಿಗೆಯಂಥ ಕ್ಯಾರವಾನ್. ಅದರೊಳಗೆ ಮಂಚ, ಒಲೆ, ಶೌಚಾಲಯ ಎಲ್ಲವೂ. ನೌಕಾಪಡೆಯ ವೈದ್ಯನೂ ಕತೆಗಾರನೂ ಆಗಿದ್ದ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ಬ್ರಿಸ್ಟಲ್‌ನಲ್ಲಿ ಕಟ್ಟಿಸಿದ ‘ವಾಂಡರರ್’ ಈ ವಿಹಾರದ ಗಾಡಿಗಳ ಹಿರಿಯಜ್ಜ. ಅದನ್ನು ಎಳೆದದ್ದು ಎರಡು ಕುದುರೆಗಳು. ಹೊರೆ ಹೆಚ್ಚಾದರೆ ಕುದುರೆ ಏದುಸಿರು ಬಿಟ್ಟು ನಿಂತುಬಿಡುತ್ತದೆ. ಕಾರು ಹಾಗಲ್ಲ, ಎಳೆಯುತ್ತಲೇ ಹೋಗುತ್ತದೆ. ತಪ್ಪು ತಿಳಿಯುವುದು ಇಳಿಜಾರಿನಲ್ಲೋ ತಿರುವಿನಲ್ಲೋ.

ಆದ್ದರಿಂದ ಹೊರಡುವ ಮುನ್ನವೇ ಲೆಕ್ಕ ಹಾಕಬೇಕು. ಕ್ಯಾರವಾನಿನ ಬಾಗಿಲ ಬಳಿ ಸಾಮಾನ್ಯವಾಗಿ ಒಂದು ಫಲಕವಿರುತ್ತದೆ. ಸಾಮಾನು ತುಂಬಿದ ಮೇಲೆ ಗಾಡಿ ಎಷ್ಟು ತೂಗಬಹುದು ಎಂಬ ಗರಿಷ್ಠ ಮಿತಿ ಅದರಲ್ಲಿದೆ. ಕಾರ್ಖಾನೆಯಿಂದ ಸಿದ್ಧವಾಗಿ ಬಂದಾಗಿನ ತೂಕ ಇನ್ನೊಂದು ಅಂಕಿ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದೇ ಪೇಲೋಡ್, ಅಂದರೆ ಮಾಲೀಕ ಹೇರಬಹುದಾದ ಭಾರ.

ಮಿತಿ 1,450 ಕಿಲೋ, ಸಿದ್ಧ ತೂಕ 1,300 ಕಿಲೋ ಎಂದುಕೊಳ್ಳಿ. ಉಳಿದದ್ದು 150 ಕಿಲೋ. 50 ಕಿಲೋದ ಮೂರು ಮೂಟೆ ಅಕ್ಕಿಯಷ್ಟು. ಧಾರಾಳ ಎನಿಸಬಹುದು. ಆದರೆ ದೀಪಕ್ಕೆ, ಪಂಪಿಗೆ ಬೇಕಾದ ಬ್ಯಾಟರಿಗೆ 20 ಕಿಲೋ, ಗಾಡಿಯನ್ನು ಸರಿಸಿ ನಿಲ್ಲಿಸುವ ಮೋಟಾರಿಗೆ 30, ಬಾಗಿಲ ಮುಂದೆ ಚಪ್ಪರದಂತೆ ಕಟ್ಟುವ ಡೇರೆಗೆ 25. ಬಟ್ಟೆಯ ಪೆಟ್ಟಿಗೆ ಇನ್ನೂ ಒಳಗೆ ಹೋಗಿಲ್ಲ, ಆಗಲೇ ಅರ್ಧ ಖರ್ಚಾಯಿತು! ಮಡಿಸುವ ಕುರ್ಚಿ, ಪಾತ್ರೆ, ಡಬ್ಬಿ ತಿಂಡಿ, ಮಕ್ಕಳ ಸೈಕಲ್ಲು ಎಲ್ಲ ಉಳಿದರ್ಧದಲ್ಲಿ ಮುಗಿಯಬೇಕು. 40 ಲೀಟರ್ ನೀರು ಎಂದರೆ 40 ಕಿಲೋ. ಅದನ್ನು ತಂಗುವ ಜಾಗದಲ್ಲಿ ತುಂಬಿಸಿಕೊಳ್ಳುವುದು ಜಾಣತನ.

ಎಷ್ಟು ಹೇರಿದರು ಎಂಬುದರಷ್ಟೇ ಎಲ್ಲಿ ಹೇರಿದರು ಎಂಬುದೂ ಮುಖ್ಯ. ಎತ್ತಿನ ಗಾಡಿ ಹೊಡೆದವರಿಗೆ ಇದು ಗೊತ್ತು. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ; ಮುಂಭಾರವಾದರೆ ನೊಗ ಎತ್ತಿನ ಹೆಗಲು ಒತ್ತುತ್ತದೆ. ಕ್ಯಾರವಾನಿನ ಕೊಂಡಿ ಕಾರಿನ ಮೇಲೆ ಹಾಕುವ ಭಾರ ಗಾಡಿಯ ಒಟ್ಟು ತೂಕದ ಶೇ. 5ರಿಂದ 7ರಷ್ಟಿರಬೇಕು ಎನ್ನುತ್ತಾರೆ ಬಲ್ಲವರು. 1,450 ಕಿಲೋಗೆ ಇದು ಸುಮಾರು 72ರಿಂದ 100 ಕಿಲೋ. ಆದರೆ ಕಾರಿಗೂ ಕೊಂಡಿಗೂ ತಮ್ಮದೇ ಮಿತಿಗಳಿರುತ್ತವೆ. ಅವುಗಳಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಕೂಡದು. ಭಾರದ ಸಾಮಾನು ನೆಲದ ಮೇಲೆ, ಅಚ್ಚಿನ ಹತ್ತಿರ. ಹಗುರವಾದದ್ದು ಮೇಲಿನ ಗೂಡುಗಳಲ್ಲಿ.

ಹಿಂಭಾರವಾದ ಕ್ಯಾರವಾನ್ ವೇಗದಲ್ಲಿ ಹಾವಿನಂತೆ ಆಚೀಚೆ ಹೊರಳತೊಡಗುತ್ತದೆ. ಕೈಮೀರಿದರೆ ಕಾರನ್ನೂ ಸೇರಿಸಿ ಉರುಳಿಸುತ್ತದೆ. ಆಗ ಗಾಬರಿಯಿಂದ ಬ್ರೇಕ್ ಒತ್ತಬಾರದು. ಸ್ಟಿಯರಿಂಗ್ ಭದ್ರವಾಗಿ ಹಿಡಿದು, ಆಕ್ಸಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆದು, ವೇಗ ತಾನಾಗಿ ಇಳಿಯಲು ಬಿಡಬೇಕು.

ಎಳೆಯುವ ಕಾರೂ ತಕ್ಕಷ್ಟು ತೂಕದ್ದಿರಬೇಕು. ತುಂಬಿದ ಕ್ಯಾರವಾನ್ ಕಾರಿನ ತೂಕದ ಶೇ. 85 ಮೀರದಿರಲಿ ಎಂಬುದು ಹೊಸಬರಿಗೆ ಅಲ್ಲಿನ ಕ್ಯಾರವಾನ್ ಕ್ಲಬ್ಬುಗಳು ಹೇಳುವ ಬುದ್ಧಿಮಾತು. ಅದರಂತೆ 1,450 ಕಿಲೋ ಗಾಡಿಗೆ ಸುಮಾರು 1,700 ಕಿಲೋ ಕಾರು ಬೇಕು. ಇದು ಸಲಹೆ, ಕಾನೂನಲ್ಲ. ಆದರೆ ಫಲಕದ ಮಿತಿ, ಕಾರಿನ ತಯಾರಕರು ಹೇಳಿದ ಎಳೆಯುವ ಮಿತಿ ದಾಟಿದರೆ ಅಪರಾಧ.

1997ರಿಂದೀಚೆಗೆ ಕಾರಿನ ಲೈಸೆನ್ಸ್ ಪಡೆದವರು ಭಾರದ ಗಾಡಿ ಎಳೆಯಲು ಬೇರೆ ಪರೀಕ್ಷೆ ಪಾಸು ಮಾಡಬೇಕಿತ್ತು. 2021ರ ಡಿಸೆಂಬರ್ 16ರಿಂದ ಆ ಪರೀಕ್ಷೆ ರದ್ದಾಗಿದೆ. ಕಾರಿನ ಲೈಸೆನ್ಸ್ ಇದ್ದರೆ 3,500 ಕಿಲೋವರೆಗಿನ ಟ್ರೇಲರ್ ಎಳೆಯಬಹುದು. ಹೀಗಾಗಿ ಈ ಲೆಕ್ಕವನ್ನು ಯಾರೂ ಕೇಳಿ ಪರೀಕ್ಷಿಸುವುದಿಲ್ಲ, ತಾವಾಗಿಯೇ ಕಲಿಯಬೇಕು.

ಅಂದಾಜಿಗಿಂತ ತಕ್ಕಡಿ ಮೇಲು. ಪ್ರವಾಸದ ಸಾಮಾನೆಲ್ಲ ತುಂಬಿ, ಲಾರಿಗಳನ್ನು ತೂಗುವ ವೇಬ್ರಿಡ್ಜ್‌ಗೆ ಒಮ್ಮೆ ಒಯ್ದರೆ ಸಣ್ಣ ಶುಲ್ಕದಲ್ಲಿ ನಿಜ ತಿಳಿಯುತ್ತದೆ. ಹೆಚ್ಚಾಗಿದ್ದರೆ ಕೆಲವನ್ನು ಕಾರಿಗೆ ಸಾಗಿಸಬಹುದು, ಆದರೆ ಕಾರಿನ ಮಿತಿಯೊಳಗೆ. ಉಳಿದದ್ದನ್ನು ಮನೆಯಲ್ಲೇ ಬಿಡಬೇಕು. ಹೋದ ಸಲ ಪೊಟ್ಟಣ ಬಿಚ್ಚದೆ ಹಾಗೇ ಮರಳಿ ಬಂದ ಸಾಮಾನು ಯಾವುದೆಂದು ನೆನಪಿಸಿಕೊಂಡರೆ ಎಲ್ಲಿಂದ ಶುರು ಮಾಡಬೇಕೆಂಬುದು ತಾನೇ ಹೊಳೆಯುತ್ತದೆ.