ಕ್ಷಯಕ್ಕೆ ಮಾತ್ರೆಯೊಂದಿಗೆ ಅನ್ನವೂ ಬೇಕು: ಜಾರ್ಖಂಡ್ ಸಂಶೋಧನೆಯ ಪಾಠ

2025ರ ಅಂತ್ಯದೊಳಗೆ ಭಾರತವನ್ನು ಕ್ಷಯಮುಕ್ತಗೊಳಿಸುವ ಗುರಿಯನ್ನು ಪ್ರಧಾನಿ ನರೇಂದ್ರ ಮೋದಿಯವರು 2018ರ ಮಾರ್ಚ್ ತಿಂಗಳಲ್ಲಿ ದೆಹಲಿಯ ಸಮಾವೇಶವೊಂದರಲ್ಲಿ ಪ್ರಕಟಿಸಿದ್ದರು. ಜಗತ್ತು 2030ರ ಗಡುವನ್ನು ಇಟ್ಟುಕೊಂಡಿದ್ದರೆ ನಮ್ಮ ದೇಶ ಐದು ವರ್ಷ ಮೊದಲೇ ಆ ಗುರಿಯನ್ನು ಮುಟ್ಟುವ ಸಂಕಲ್ಪ ತೊಟ್ಟಿತ್ತು. ಆ ಗಡುವು ಈಗ ಮುಗಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ, 2015ರಲ್ಲಿ ಪ್ರತಿ ಒಂದು ಲಕ್ಷ ಜನರಲ್ಲಿ 237 ಮಂದಿಗೆ ತಗಲುತ್ತಿದ್ದ ಕ್ಷಯ 2024ರಲ್ಲಿ 187ಕ್ಕೆ ಇಳಿದಿದೆ. ಅಂದರೆ ಶೇಕಡ 21ರಷ್ಟು ಇಳಿಕೆ. ಇದೇ ಅವಧಿಯಲ್ಲಿ ಜಗತ್ತಿನ ಸರಾಸರಿ ಇಳಿಕೆ ಶೇಕಡ 12 ಮಾತ್ರ. ಆ ದೃಷ್ಟಿಯಿಂದ ಇದು ಅಭಿಮಾನಪಡಬೇಕಾದ ಸಾಧನೆಯೇ. ಆದರೆ ನಾವು ಇಟ್ಟುಕೊಂಡಿದ್ದ ಗುರಿ ಶೇಕಡ 80ರ ಇಳಿಕೆ. ಜಗತ್ತಿನ ಕ್ಷಯರೋಗಿಗಳಲ್ಲಿ ನಾಲ್ವರಲ್ಲಿ ಒಬ್ಬರು ಇಂದಿಗೂ ಭಾರತೀಯರೇ ಆಗಿದ್ದಾರೆ.

ಔಷಧ ಉಚಿತವಾಗಿ ದೊರೆಯುತ್ತಿದೆ. ಕಫವನ್ನು ಕೆಲವೇ ಗಂಟೆಗಳಲ್ಲಿ ಪರೀಕ್ಷಿಸುವ ಯಂತ್ರಗಳು ಬಂದಿವೆ. ಆದರೂ ರೋಗ ಏಕೆ ಇಷ್ಟು ನಿಧಾನವಾಗಿ ಹಿಂಜರಿಯುತ್ತಿದೆ? ಈ ಪ್ರಶ್ನೆಗೆ ಇತ್ತೀಚಿನ ವರ್ಷಗಳ ಸಂಶೋಧನೆಯೊಂದು ಬಹು ಸರಳವೂ ಬಹು ಗಂಭೀರವೂ ಆದ ಉತ್ತರವನ್ನು ಕೊಟ್ಟಿದೆ. ಅನ್ನದಾನವನ್ನು ನಿತ್ಯದ ನೇಮವಾಗಿ ಪಾಲಿಸಿಕೊಂಡು ಬಂದಿರುವ ಸಮಾಜ ಆ ಉತ್ತರವನ್ನು ತಿಳಿದುಕೊಳ್ಳುವುದು ಅಗತ್ಯ.

ಸೋಂಕು ಬೇರೆ, ರೋಗ ಬೇರೆ

ಕ್ಷಯಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ಜರ್ಮನಿಯ ರಾಬರ್ಟ್ ಕಾಕ್ ಅವರು 1882ರಲ್ಲಿ ಗುರುತಿಸಿದರು. ಅಂದಿನಿಂದ ಈ ರೋಗದ ವಿರುದ್ಧದ ಹೋರಾಟವು ಮುಖ್ಯವಾಗಿ ಆ ಸೂಕ್ಷ್ಮಾಣುವಿನ ವಿರುದ್ಧದ ಹೋರಾಟವಾಗಿದೆ. ಆದರೆ ಆ ಸೂಕ್ಷ್ಮಾಣು ದೇಹವನ್ನು ಹೊಕ್ಕ ಎಲ್ಲರೂ ರೋಗಿಗಳಾಗುವುದಿಲ್ಲ. ಸೋಂಕು ತಗುಲಿದವರಲ್ಲಿ ಶೇಕಡ 5ರಿಂದ 10ರಷ್ಟು ಜನ ಮಾತ್ರ ತಮ್ಮ ಜೀವಿತಾವಧಿಯಲ್ಲಿ ರೋಗಕ್ಕೆ ತುತ್ತಾಗುತ್ತಾರೆ. ಉಳಿದವರ ದೇಹ ಅದನ್ನು ಕಟ್ಟಿಹಾಕಿ ಇಟ್ಟಿರುತ್ತದೆ. ಹಾಗೆ ಕಟ್ಟಿಹಾಕುವ ಶಕ್ತಿಯನ್ನು ಕುಗ್ಗಿಸುವ ಸಂಗತಿಗಳು ಹಲವು: ಮಧುಮೇಹ, ಎಚ್‌ಐವಿ, ಧೂಮಪಾನ, ಮದ್ಯಪಾನ. ಭಾರತದ ಮಟ್ಟಿಗೆ ಇವೆಲ್ಲಕ್ಕಿಂತ ವ್ಯಾಪಕವಾದದ್ದು ಅಪೌಷ್ಟಿಕತೆ. ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಸೂಚ್ಯಂಕವು ಒಂದೊಂದು ಅಂಶ ಏರಿದಂತೆ ಕ್ಷಯದ ಸಂಭವ ಸುಮಾರು ಶೇಕಡ 14ರಷ್ಟು ತಗ್ಗುತ್ತದೆ ಎಂಬುದನ್ನು 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ತೋರಿಸಿತ್ತು.

‘ಕ್ಷಯ’ ಎಂಬ ಪದಕ್ಕೇ ಸವೆಯುವುದು, ಕ್ಷೀಣಿಸುವುದು ಎಂದರ್ಥ. ರೋಗ ದೇಹವನ್ನು ಸವೆಸುತ್ತದೆ ಎಂಬುದು ಹಿಂದಿನವರಿಗೂ ಗೊತ್ತಿತ್ತು. ಮೊದಲೇ ಸವೆದ ದೇಹವನ್ನು ರೋಗ ಹುಡುಕಿಕೊಂಡು ಬರುತ್ತದೆ ಎಂಬುದು ಅದೇ ಸತ್ಯದ ಇನ್ನೊಂದು ಮುಖ. ಈ ಮುಖವನ್ನು ವೈದ್ಯಲೋಕ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬದಿಗೆ ಸರಿಸಿಟ್ಟಿತ್ತು. ಅದಕ್ಕೂ ಒಂದು ಕಾರಣವಿದೆ.

ಮದ್ರಾಸಿನ ಅಧ್ಯಯನ ಮತ್ತು ಅದರ ಅವಸರದ ಅರ್ಥ

1950ರ ದಶಕದವರೆಗೆ ಕ್ಷಯರೋಗಿಗಳನ್ನು ಆರೋಗ್ಯಧಾಮಗಳಲ್ಲಿ ಇರಿಸಿ, ಶುದ್ಧ ಗಾಳಿ, ವಿಶ್ರಾಂತಿ ಮತ್ತು ಪುಷ್ಟಿಕರ ಆಹಾರ ಕೊಡುವುದು ರೂಢಿಯಾಗಿತ್ತು. ಆಗ ಮದ್ರಾಸಿನ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರದಲ್ಲಿ ಒಂದು ಮಹತ್ವದ ಅಧ್ಯಯನ ನಡೆಯಿತು. ಕೆಲವು ರೋಗಿಗಳಿಗೆ ಆರೋಗ್ಯಧಾಮದಲ್ಲಿ, ಇನ್ನು ಕೆಲವರಿಗೆ ಅವರ ಬಡ ಮನೆಗಳಲ್ಲಿಯೇ ಒಂದೇ ಔಷಧವನ್ನು ಕೊಡಲಾಯಿತು. ಮನೆಯಲ್ಲಿದ್ದವರ ಊಟ ಕಡಿಮೆ ಮಟ್ಟದ್ದಾಗಿದ್ದರೂ ಅವರು ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣಮುಖರಾದರು. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಬಡವರಿಗೆ ದೊಡ್ಡ ಉಪಕಾರ ಮಾಡಿತು. ಮನೆ ಬಿಟ್ಟು, ಕಾಯಕ ಬಿಟ್ಟು ತಿಂಗಳುಗಟ್ಟಲೆ ಆರೋಗ್ಯಧಾಮದಲ್ಲಿ ಇರಬೇಕಾದ ಕಷ್ಟ ತಪ್ಪಿತು.

ಆದರೆ ಅದೇ ಫಲಿತಾಂಶದಿಂದ ಇನ್ನೊಂದು ಅರ್ಥವನ್ನೂ ಎಳೆಯಲಾಯಿತು: ಔಷಧವಿದ್ದರೆ ಸಾಕು, ಆಹಾರ ಮುಖ್ಯವಲ್ಲ ಎಂದು. ಮದ್ರಾಸಿನ ಅಧ್ಯಯನ ಮುಖ್ಯವಾಗಿ ಕೇಳಿದ್ದು, ಔಷಧ ಸೇವಿಸುವ ರೋಗಿ ಎಲ್ಲಿದ್ದರೆ ಗುಣವಾಗುತ್ತಾನೆ ಎಂಬ ಪ್ರಶ್ನೆಯನ್ನು. ಅದೇ ಸೂರಿನಡಿ ಮಲಗುವ ಹೆಂಡತಿ, ಮಕ್ಕಳು, ವೃದ್ಧ ತಂದೆತಾಯಿಗಳಿಗೆ ಹೊಟ್ಟೆತುಂಬ ಊಟ ಕೊಟ್ಟರೆ ಅವರಿಗೆ ರೋಗ ಬರುವುದು ತಪ್ಪುತ್ತದೆಯೇ ಎಂದು ಅದು ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಭಾವಿಸಿದ್ದೇ ಅಂದಿನ ತಪ್ಪು.

ಜಾರ್ಖಂಡಿನಲ್ಲಿ ನಡೆದದ್ದೇನು?

ಆ ಪ್ರಶ್ನೆಯನ್ನು ನೇರವಾಗಿ ಕೇಳಿದ ಅಧ್ಯಯನಕ್ಕೆ ‘ರೇಷನ್ಸ್’ ಎಂದು ಹೆಸರು. ಅದರ ನೇತೃತ್ವ ವಹಿಸಿದವರು ನಮ್ಮದೇ ರಾಜ್ಯದ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಚೆನ್ನೈನ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆ ಹಾಗೂ ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮ ಅವರೊಂದಿಗೆ ಕೈಜೋಡಿಸಿದ್ದವು. 2019ರ ಆಗಸ್ಟ್‌ನಿಂದ ಜಾರ್ಖಂಡಿನ ನಾಲ್ಕು ಜಿಲ್ಲೆಗಳ 28 ಕ್ಷಯ ಘಟಕಗಳಲ್ಲಿ 2,800 ಶ್ವಾಸಕೋಶ ಕ್ಷಯರೋಗಿಗಳನ್ನೂ ಅವರ ಮನೆಗಳ 10,345 ಸದಸ್ಯರನ್ನೂ ಅಧ್ಯಯನಕ್ಕೆ ಸೇರಿಸಿಕೊಳ್ಳಲಾಯಿತು. ಮನೆಯ ಸದಸ್ಯರಲ್ಲಿ ಸುಮಾರು ಮೂರನೇ ಎರಡರಷ್ಟು ಜನ ಸಂತಾಲ, ಹೋ, ಮುಂಡಾ, ಓರಾಂವ್ ಮುಂತಾದ ಆದಿವಾಸಿ ಸಮುದಾಯಗಳವರು.

ರೋಗಿಗಳ ಸ್ಥಿತಿ ಹೇಗಿತ್ತೆಂದರೆ, ಪುರುಷರ ಸರಾಸರಿ ತೂಕ 42.6 ಕಿಲೋ, ಮಹಿಳೆಯರದು 36.1 ಕಿಲೋ. ಐವರಲ್ಲಿ ನಾಲ್ವರು ಅಪೌಷ್ಟಿಕತೆಯಿಂದ ಬಳಲುತ್ತಿದ್ದರು. ಹಸಿದ ರೋಗಿಗೆ ಅನ್ನ ಕೊಡದೆ ಪರೀಕ್ಷಿಸುವುದು ಧರ್ಮವಲ್ಲವಾದ್ದರಿಂದ ಎಲ್ಲ ರೋಗಿಗಳಿಗೂ ಆರು ತಿಂಗಳ ಕಾಲ ದಿನಕ್ಕೆ 1,200 ಕಿಲೋ ಕ್ಯಾಲರಿ ಮತ್ತು 52 ಗ್ರಾಂ ಪ್ರೋಟೀನ್ ಒದಗಿಸುವ ಪಡಿತರವನ್ನು ನೀಡಲಾಯಿತು. ವ್ಯತ್ಯಾಸವಿದ್ದದ್ದು ಕುಟುಂಬದವರ ವಿಷಯದಲ್ಲಿ. ಒಂದು ಗುಂಪಿನ ಮನೆಗಳಲ್ಲಿ ಪ್ರತಿ ವಯಸ್ಕ ಸದಸ್ಯರಿಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ಜೀವಸತ್ವದ ಮಾತ್ರೆಗಳು ದೊರೆತವು. ಇನ್ನೊಂದು ಗುಂಪಿನ ಮನೆಗಳಲ್ಲಿ ರೋಗಿಯೊಬ್ಬರಿಗೆ ಮಾತ್ರ ಪಡಿತರ ಸಂದಿತು.

2022ರ ಜುಲೈವರೆಗೆ ಇವರೆಲ್ಲರ ಮೇಲೆ ನಿಗಾ ಇಡಲಾಯಿತು. ಕುಟುಂಬಕ್ಕೂ ಆಹಾರ ದೊರೆತ ಗುಂಪಿನಲ್ಲಿ 5,602 ಜನರ ಪೈಕಿ 96 ಮಂದಿಗೆ ಕ್ಷಯ ಬಂದಿತು. ದೊರೆಯದ ಗುಂಪಿನಲ್ಲಿ 4,712 ಜನರ ಪೈಕಿ 122 ಮಂದಿಗೆ ಬಂದಿತು. ಎಲ್ಲ ಬಗೆಯ ಕ್ಷಯದಲ್ಲಿ ಶೇಕಡ 39ರಷ್ಟು, ಪ್ರಯೋಗಾಲಯದಲ್ಲಿ ದೃಢಪಟ್ಟ ಶ್ವಾಸಕೋಶ ಕ್ಷಯದಲ್ಲಿ ಶೇಕಡ 48ರಷ್ಟು ಇಳಿಕೆ ಕಂಡುಬಂದಿತು. ಸುಮಾರು 30 ಮನೆಗಳ 111 ಜನರಿಗೆ ಪಡಿತರ ಕೊಟ್ಟರೆ ಒಬ್ಬರಿಗೆ ಕ್ಷಯ ಬರುವುದು ತಪ್ಪುತ್ತದೆ ಎಂದು ಸಂಶೋಧಕರು ಲೆಕ್ಕ ಹಾಕಿದರು. 2023ರ ಆಗಸ್ಟ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಈ ಫಲಿತಾಂಶವನ್ನು ಪ್ರಕಟಿಸಿತು.

ರೋಗಿಗಳ ಕುರಿತಾದ ಇನ್ನೊಂದು ಪ್ರಬಂಧದಲ್ಲಿ ಮತ್ತೊಂದು ಸಂಗತಿ ಬೆಳಕಿಗೆ ಬಂದಿತು. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕವು ಶೇಕಡ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಸುಮಾರು ಶೇಕಡ 60ರಷ್ಟು ಕಡಿಮೆಯಿತ್ತು. 40 ಕಿಲೋ ತೂಗುವ ವ್ಯಕ್ತಿಗೆ ಇದು ಕೇವಲ 2 ಕಿಲೋ ಏರಿಕೆ.

ಈ ಫಲಿತಾಂಶವನ್ನು ಅರ್ಥೈಸುವ ಬಗೆ

ಮದ್ರಾಸಿನ ಅಧ್ಯಯನವನ್ನು ಅವಸರದಲ್ಲಿ ಅರ್ಥೈಸಿದಂತೆ ಇದನ್ನೂ ಅರ್ಥೈಸಬಾರದು. ಆಹಾರವೊಂದೇ ಕ್ಷಯವನ್ನು ಗುಣಪಡಿಸುತ್ತದೆ ಎಂದು ಈ ಅಧ್ಯಯನ ಎಲ್ಲಿಯೂ ಹೇಳುವುದಿಲ್ಲ. ಇಲ್ಲಿನ ಪ್ರತಿಯೊಬ್ಬ ರೋಗಿಯೂ ಔಷಧ ಸೇವಿಸುತ್ತಿದ್ದರು. ತೂಕ ಏರಿದವರಲ್ಲಿ ಸಾವು ಕಡಿಮೆಯಾದದ್ದಕ್ಕೆ ಆಹಾರವೇ ಪೂರ್ಣ ಕಾರಣವೆನ್ನಲೂ ಆಗದು. ರೋಗದ ತೀವ್ರತೆ ಕಡಿಮೆಯಿದ್ದವರ ತೂಕ ಬೇಗ ಏರಿರಲೂಬಹುದು. ಬಡತನ ದಟ್ಟವಾಗಿರುವ ಪ್ರದೇಶದಲ್ಲಿ ಕಂಡ ಫಲ, ಉಂಡುಟ್ಟು ಸುಖವಾಗಿರುವ ಮನೆಗಳಲ್ಲಿ ಅದೇ ಪ್ರಮಾಣದಲ್ಲಿ ಕಾಣಲಾರದು. ಆದರೆ ಹಸಿವಿರುವ ಮನೆಯಲ್ಲಿ ಅಕ್ಕಿ ಮತ್ತು ಬೇಳೆಯೂ ರೋಗತಡೆಯ ಸಾಧನಗಳು ಎಂಬುದನ್ನು ಇನ್ನು ಅಲ್ಲಗಳೆಯುವಂತಿಲ್ಲ.

ನೀತಿ ಎಷ್ಟು ದೂರ ಬಂದಿದೆ?

ಸರ್ಕಾರ ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದೆ. 2018ರಲ್ಲಿ ಆರಂಭವಾದ ನಿ-ಕ್ಷಯ ಪೋಷಣ್ ಯೋಜನೆಯಡಿ ರೋಗಿಯ ಬ್ಯಾಂಕ್ ಖಾತೆಗೆ ತಿಂಗಳಿಗೆ 500 ರೂಪಾಯಿ ಸಂದಾಯವಾಗುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿಗೆ ಏರಿದೆ. ತೂಕ ತೀರ ಕಡಿಮೆಯಿರುವ ರೋಗಿಗಳಿಗೆ ಮೊದಲ ಎರಡು ತಿಂಗಳು ಶಕ್ತಿವರ್ಧಕ ಪೂರಕ ಆಹಾರ ನೀಡುವ ನಿರ್ಧಾರವೂ ಆಗಿದೆ. ಇವೆರಡಕ್ಕೂ ಜಾರ್ಖಂಡಿನ ಅಧ್ಯಯನ ಬಲ ನೀಡಿದೆ.

ಆದರೆ ಅಧ್ಯಯನದ ಹೃದಯಭಾಗವಿದ್ದದ್ದು ಕುಟುಂಬದಲ್ಲಿ. ದಿನಕ್ಕೆ 33 ರೂಪಾಯಿಯಂತೆ ಬರುವ ಹಣ ಐದು ಜನರ ಮನೆಯಲ್ಲಿ ಒಬ್ಬರ ತಟ್ಟೆಗೆ ಮಾತ್ರ ಬೀಳುವುದಿಲ್ಲ. ತಾಯಿ ರೋಗಿಯಾದರೆ ತನ್ನ ಪಾಲನ್ನು ಮಕ್ಕಳಿಗೆ ಬಡಿಸುತ್ತಾಳೆ. ದುಡಿಯುವ ಗಂಡು ರೋಗಿಯಾದರೆ ಅವನಿಗೆ ಉಣಬಡಿಸಿ ಹೆಣ್ಣುಮಕ್ಕಳು ಉಳಿದದ್ದನ್ನು ಉಣ್ಣುತ್ತಾರೆ. ರೋಗಿಗೆ ಹಣ ಕೊಟ್ಟು ಮನೆಯನ್ನು ಮರೆತರೆ ರೋಗಿಯೂ ಪೂರ್ಣ ಉಣ್ಣಲಾರ, ಮನೆಯವರೂ ರಕ್ಷಣೆ ಪಡೆಯಲಾರರು. ಕುಟುಂಬದ ಹೊಣೆಯನ್ನು ಸದ್ಯ ಹೆಚ್ಚಾಗಿ ‘ನಿ-ಕ್ಷಯ ಮಿತ್ರ’ರೆಂಬ ದಾನಿಗಳಿಗೆ ಬಿಡಲಾಗಿದೆ. 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಚಾಲನೆ ನೀಡಿದ ಅಭಿಯಾನದ ಭಾಗವಿದು. ಯಾವ ವ್ಯಕ್ತಿಯಾದರೂ, ಸಂಸ್ಥೆಯಾದರೂ ರೋಗಿಗಳಿಗೆ ಆಹಾರದ ಕಿಟ್ ಕೊಡುವ ಹೊಣೆ ಹೊರಬಹುದು. ಉದ್ದೇಶ ಒಳ್ಳೆಯದು. ಆದರೆ ದಾನಿಗಳಿರುವ ಊರಿನ ರೋಗಿಗೆ ಆಹಾರ, ಇಲ್ಲದ ಊರಿನ ರೋಗಿಗೆ ಹಸಿವು ಎಂಬಂತಾಗಬಾರದು. ದಾನ ಎಷ್ಟೇ ದೊಡ್ಡದಾದರೂ ಹಕ್ಕಿನ ಸ್ಥಾನವನ್ನು ತುಂಬಲಾರದು.

ಇದಕ್ಕೆ ಬೇಕಾದ ವ್ಯವಸ್ಥೆ ನಮ್ಮ ಊರೂರಿನಲ್ಲಿ ಆಗಲೇ ಇದೆ: ನ್ಯಾಯಬೆಲೆ ಅಂಗಡಿ. ಅಲ್ಲಿ ಅಕ್ಕಿ ದೊರೆಯುತ್ತದೆ, ಕೊರತೆಯಿರುವುದು ಬೇಳೆಯದು. ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲಿಗೆ ತೊಗರಿಬೇಳೆ, ಎಣ್ಣೆ ಮುಂತಾದವುಗಳ ಕಿಟ್ ಕೊಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ನಿರ್ಧರಿಸಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ತೊಗರಿಯ ಕಣಜವೆನಿಸಿದ ಕಲಬುರಗಿ ನಮ್ಮ ರಾಜ್ಯದಲ್ಲೇ ಇದೆ. ಕ್ಷಯರೋಗಿಯಿರುವ ಪ್ರತಿ ಮನೆಗೂ ಆರು ತಿಂಗಳ ಕಾಲ ತಲೆಗೆ ಒಂದೂವರೆ ಕಿಲೋ ಬೇಳೆಯನ್ನು ಹಕ್ಕಾಗಿ ಕೊಡುವುದು ಅಸಾಧ್ಯದ ಮಾತಲ್ಲ.

ಸಮಾಜದ ಪಾಲು

ಸರ್ಕಾರದ ಹೊಣೆಯನ್ನು ನೆನಪಿಸುವಾಗ ನಮ್ಮ ಹೊಣೆಯನ್ನು ಮರೆಯುವಂತಿಲ್ಲ. ದಾಸೋಹವೆಂದರೆ ಉಣ್ಣುವವರ ತಲೆ ತಗ್ಗದಂತೆ ಉಣಬಡಿಸುವುದು. ಕ್ಷಯರೋಗಿಯ ವಿಷಯದಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ, ಏಕೆಂದರೆ ಈ ರೋಗದೊಂದಿಗೆ ಅವಮಾನವೂ ಅಂಟಿಕೊಂಡಿದೆ. ಮಗಳ ಮದುವೆ ನಿಂತೀತೆಂದು, ಕೆಲಸ ಹೋದೀತೆಂದು ರೋಗವನ್ನು ಮುಚ್ಚಿಡುವ ಮನೆಗಳಿವೆ. ಅಂಥವರನ್ನು ವೇದಿಕೆಗೆ ಕರೆದು, ಕಿಟ್ ಕೊಟ್ಟು, ಚಿತ್ರ ತೆಗೆಸಿ ಹಂಚಿದರೆ ಮುಂದಿನ ರೋಗಿ ಪರೀಕ್ಷೆಗೇ ಬಾರದೆ ಹೋಗುತ್ತಾನೆ. ಆಹಾರ ಆಶಾ ಕಾರ್ಯಕರ್ತೆಯ ಮೂಲಕ ಸದ್ದಿಲ್ಲದೆ ಮನೆ ತಲುಪಲಿ. ಒಂದು ದಿನದ ಉತ್ಸಾಹಕ್ಕಿಂತ ಆರು ತಿಂಗಳು ತಪ್ಪದೆ ನಡೆಯುವ ನೇಮ ಮೇಲು. ಮಠಗಳು, ಟ್ರಸ್ಟುಗಳು, ಯುವಕ ಸಂಘಗಳು ನಿ-ಕ್ಷಯ ಮಿತ್ರರಾಗುವಾಗ ರೋಗಿಯೊಬ್ಬರನ್ನಷ್ಟೇ ಅಲ್ಲದೆ ಅವರ ಇಡೀ ಕುಟುಂಬವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನೊಂದು ಕರ್ತವ್ಯವಿದೆ. 2019–21ರಲ್ಲಿ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ, ಲಕ್ಷಣಗಳಿದ್ದವರ ಪೈಕಿ ಸುಮಾರು ಶೇಕಡ 64ರಷ್ಟು ಜನ ವೈದ್ಯರ ಬಳಿ ಹೋಗಿಯೇ ಇರಲಿಲ್ಲ. ಎದೆಯ ಎಕ್ಸ್‌-ರೇ ತೆಗೆಯದಿದ್ದರೆ ಶೇಕಡ 42ಕ್ಕೂ ಹೆಚ್ಚು ರೋಗಿಗಳು ಕಣ್ತಪ್ಪಿ ಹೋಗುತ್ತಿದ್ದರು. ಜಾರ್ಖಂಡಿನಲ್ಲೂ ಅಧ್ಯಯನದ ಆರಂಭದಲ್ಲೇ ಮನೆಯ ಸದಸ್ಯರಲ್ಲಿ 31 ಮಂದಿಗೆ ರೋಗ ಪತ್ತೆಯಾಗಿತ್ತು. ಆದ್ದರಿಂದ ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ಕಾರಣವಿಲ್ಲದೆ ಇಳಿಯುವ ತೂಕ ಇವುಗಳಲ್ಲಿ ಯಾವುದು ಕಂಡರೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಮನೆಯಲ್ಲಿ ಒಬ್ಬರಿಗೆ ರೋಗವಿದ್ದರೆ ಲಕ್ಷಣವಿಲ್ಲದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ವೈದ್ಯರು ಸೂಚಿಸಿದರೆ ರೋಗ ತಡೆಯುವ ಮಾತ್ರೆಗಳನ್ನೂ ಸೇವಿಸಬೇಕು. ಚಿಕಿತ್ಸೆಯನ್ನು ನಡುವೆ ಬಿಡಬಾರದು. ಪ್ರತಿ ತಿಂಗಳು ತೂಕ ನೋಡಿಸಿ ಬರೆದಿಡಬೇಕು. ಎರಡು ತಿಂಗಳಾದರೂ ತೂಕ ಏರದಿದ್ದರೆ ಅದನ್ನು ಅಪಾಯದ ಸೂಚನೆಯೆಂದು ತಿಳಿದು ವೈದ್ಯರಿಗೆ ಹೇಳಬೇಕು.

ಗಡುವು ತಪ್ಪಿದೆಯೆಂದು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ತಮ್ಮ ಓಣಿಯಲ್ಲಿ ಇಂದು ಯಾವ ಮನೆಯಲ್ಲಿ ಔಷಧವಿದ್ದೂ ಒಲೆ ಹೊತ್ತುತ್ತಿಲ್ಲವೆಂಬುದನ್ನು ವಿಚಾರಿಸುವುದರಿಂದ ಸದ್ಭಕ್ತರು ಈ ಕಾರ್ಯವನ್ನು ಆರಂಭಿಸಬಹುದು.