ಏಣಿಯ ಉದ್ದ, ತಂತಿಯ ಎತ್ತರ

ವಿದ್ಯುತ್ ಅಪಘಾತವೆಂದೊಡನೆ ವರ್ತಕರ ಹಾಗೂ ಸಣ್ಣ ಉದ್ಯಮಿಗಳ ಕಣ್ಣೆದುರು ಬರುವುದು ಹಳೆಯ ಮೋಟಾರು, ಬಿರುಕುಬಿಟ್ಟ ಸ್ವಿಚ್ ಬೋರ್ಡ್, ಜೋತುಬಿದ್ದ ವೈರು. ಸಕಲೇಶಪುರ ಮತ್ತು ಆಲೂರು ಸೀಮೆಯ ಮಟ್ಟಿಗೆ ಈ ಚಿತ್ರ ಅರ್ಧ ಮಾತ್ರ ಸರಿ. ಇಲ್ಲಿ ಸಾವಿರಾರು ಜನ ದುಡಿಯುವ ಸ್ಥಳವೆಂದರೆ ಕಾಫಿ ತೋಟ. ಅಲ್ಲಿನ ಅತ್ಯಂತ ಅಪಾಯಕಾರಿ ಸಾಧನಕ್ಕೆ ಪ್ಲಗ್ಗೂ ಇಲ್ಲ, ವೈರೂ ಇಲ್ಲ. ಅದು ಅಲ್ಯೂಮಿನಿಯಂ ಏಣಿ.

ಕಾಫಿಯ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸುವುದು ಮಲೆನಾಡಿನ ವಾಡಿಕೆ. ಬಳ್ಳಿ ಮೂವತ್ತು ಅಡಿ ಏರಿದರೆ ಏಣಿಯೂ ಅಷ್ಟೇ ಏರಬೇಕು. ಹಿಂದೆ ಬಿದಿರಿನ ಏಣಿ ಮಾಡುತ್ತಿದ್ದ ಕೆಲಸವನ್ನು ಈಗ ಬಹುಮಟ್ಟಿಗೆ ಅಲ್ಯೂಮಿನಿಯಂ ಏಣಿ ಮಾಡುತ್ತಿದೆ. ಅದು ಹಗುರ, ಬಾಳಿಕೆ ಹೆಚ್ಚು, ಒಬ್ಬನೇ ಹೊತ್ತು ಸಾಗಬಹುದು. ಆದರೆ ಹಾಸನ, ಚಿಕ್ಕಮಗಳೂರು, ಕೊಡಗು ಜಿಲ್ಲೆಗಳಲ್ಲಿ ಮೆಣಸು ಕೊಯ್ಯುವಾಗಲೋ ಮರಗಸಿ ಮಾಡುವಾಗಲೋ ಇಂಥ ಏಣಿ ತಂತಿಗೆ ತಗುಲಿ ಕಾರ್ಮಿಕರು ಮೃತಪಟ್ಟ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇದೆ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಗಮನಿಸಬೇಕು. ರಸ್ತೆಯಲ್ಲದ ಕಡೆ ಹಾಯುವ 11 ಕಿಲೋವೋಲ್ಟ್‌ನ ಬರಿಯ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಎತ್ತರದಲ್ಲಿರಬೇಕೆಂದು 1956ರ ಭಾರತೀಯ ವಿದ್ಯುತ್ ನಿಯಮಗಳು ವಿಧಿಸಿದ್ದವು. ಅಂದರೆ ಸುಮಾರು ಹದಿನೈದು ಅಡಿ. ತೋಟಗಳಲ್ಲಿನ ಅನೇಕ ಹಳೆಯ ಮಾರ್ಗಗಳನ್ನು ಎಳೆದದ್ದು ಆ ನಿಯಮದ ಕಾಲದಲ್ಲೇ. ಏಣಿಯ ಉದ್ದವೋ ಅದರ ಇಮ್ಮಡಿ. ತಂತಿ ಜೋತುಬೀಳಬೇಕಾಗಿಲ್ಲ, ಕಂಬ ವಾಲಬೇಕಾಗಿಲ್ಲ. ಕಾನೂನಿನ ಪ್ರಕಾರ ಎಲ್ಲವೂ ಸರಿಯಿದ್ದಾಗಲೂ ಏಣಿಗೆ ತಂತಿ ಎಟುಕುತ್ತದೆ. ಅಪಘಾತವಾದಾಗಲೆಲ್ಲ ವಿದ್ಯುತ್ ಇಲಾಖೆಯತ್ತ ಮಾತ್ರ ಬೆರಳು ತೋರಿಸುವ ರೂಢಿ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಏಣಿ ಹತ್ತುವಾಗಿನದಕ್ಕಿಂತ, ನೆಟ್ಟಗೆ ನಿಲ್ಲಿಸಿಕೊಂಡೇ ಒಂದು ಮರದಿಂದ ಇನ್ನೊಂದಕ್ಕೆ ಸಾಗಿಸುವಾಗಿನ ಅಪಾಯ ಹೆಚ್ಚು. ಆಗ ಕಣ್ಣು ಕಾಲ ಬುಡದ ಇಳಿಜಾರಿನ ಮೇಲಿರುತ್ತದೆ, ತುದಿ ಎಲೆಗಳ ನಡುವೆ ಮರೆಯಾಗಿರುತ್ತದೆ. ಬುಡ ಹಿಡಿದವನೂ ಉಳಿಯಲಾರ. ಉಪಕೇಂದ್ರದಲ್ಲಿ ಬ್ರೇಕರ್ ಬೀಳುತ್ತದೆಂಬ ಭರವಸೆಯೂ ಸಲ್ಲದು. ಮನುಷ್ಯನ ಮೂಲಕ ನೆಲಕ್ಕಿಳಿಯುವ ವಿದ್ಯುತ್ತು ಕೊಲ್ಲಲು ಧಾರಾಳ ಸಾಕಾದರೂ, ಬ್ರೇಕರನ್ನು ಬೀಳಿಸಲು ಹಲವೊಮ್ಮೆ ಸಾಲದು.

ಈ ವಿಚಾರ ಬೆಳೆಗಾರರದು, ವರ್ತಕರಿಗೇನು ಎನ್ನುವವರಿದ್ದಾರೆ. ಆದರೆ ಏಣಿಯನ್ನು ತಯಾರಿಸುವುದು ಸಣ್ಣ ಕೈಗಾರಿಕೆ, ಮಾರುವುದು ಪೇಟೆಯ ಅಂಗಡಿ. ವಿದ್ಯುತ್ ಹರಿಯಗೊಡದ ಫೈಬರ್‌ಗ್ಲಾಸ್ ಏಣಿಗಳು ಮಾರುಕಟ್ಟೆಯಲ್ಲಿವೆ. ಅವು ಭಾರ, ಬೆಲೆಯೂ ಹೆಚ್ಚು, ಆಳುಗಳು ಒಪ್ಪುವುದಿಲ್ಲವೆಂಬ ದೂರು ಸುಳ್ಳಲ್ಲ. ಇಡೀ ತೋಟಕ್ಕೆ ಅವೇ ಬೇಕೆಂದು ಹಟ ಹಿಡಿಯುವ ಅಗತ್ಯವೂ ಇಲ್ಲ. ತಂತಿ ಹಾಯುವ ಭಾಗಕ್ಕೆ ಒಂದೆರಡು ಸಾಕು. ಉಳಿದ ಏಣಿಗಳು ಅತ್ತ ಸುಳಿಯದಂತೆ ಮೇಸ್ತ್ರಿ ನೋಡಿಕೊಂಡರಾಯಿತು. ತಂತಿಯ ಕೆಳಗಿನ ಮರಕ್ಕೆ ಮೆಣಸು ಹಬ್ಬಿಸದಿರುವುದು ಇನ್ನೂ ಅಗ್ಗದ ಉಪಾಯ. ಹಸಿ ಅಥವಾ ನೆನೆದ ಬಿದಿರು ಸುರಕ್ಷಿತವೆಂಬ ನಂಬಿಕೆಯನ್ನಂತೂ ಬಿಡಬೇಕು. ಅಲ್ಯೂಮಿನಿಯಂ ಏಣಿಗೆ ಕನ್ನಡದಲ್ಲಿ ಎಚ್ಚರಿಕೆಯ ಚೀಟಿ ಅಂಟಿಸದೆ ಮಾರುವುದಿಲ್ಲವೆಂದು ಅಂಗಡಿಯವರು ತಾವಾಗಿಯೇ ನಿಶ್ಚಯಿಸಬಹುದು. ಅದಕ್ಕೆ ಸರ್ಕಾರದ ಆದೇಶ ಬೇಕಿಲ್ಲ.

ಇನ್ನು ಚಾವಣಿಯ ಕೆಳಗಿನ ಮಾತು. ಪಲ್ಪಿಂಗ್ ಮನೆಯ ನೆಲ ಸದಾ ಒದ್ದೆ, ಕೆಲಸಗಾರರ ಕಾಲು ಹಲವೊಮ್ಮೆ ಬರಿಗಾಲು. ಎಂಸಿಬಿ ಹಾಕಿಸಿದ್ದೇವೆ, ಭಯವಿಲ್ಲ ಎನ್ನುವ ಮಾಲೀಕರು ಬಹಳ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಐವತ್ತು ಮಿಲಿ ಆಂಪಿಯರ್ ವಿದ್ಯುತ್ತು ಹೃದಯದ ಲಯ ಕೆಡಿಸಬಲ್ಲದು; ಹಳೆಯ 60 ವಾಟಿನ ಬಲ್ಬು ಎಳೆಯುತ್ತಿದ್ದುದು ಅದರ ಐದು ಪಟ್ಟು. ಹದಿನಾರು ಆಂಪಿಯರಿನ ಎಂಸಿಬಿಗೆ ಅದು ತಿಳಿಯುವುದೇ ಇಲ್ಲ. 30 ಮಿಲಿ ಆಂಪಿಯರ್ ಸೋರಿಕೆಗೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಬೇಕು, ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಕಣದ ಕಾವಲಿಗೆಂದು ರಾತ್ರಿ ಎಳೆಯುವ ತಾತ್ಕಾಲಿಕ ದೀಪದ ವೈರೂ ಅದರ ಮೂಲಕವೇ ಹೋಗಲಿ. ಮಳೆಗಾಲದಲ್ಲಿ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ನಡೆಸುವುದು ತನಗಲ್ಲ, ಕಂಬ ಹತ್ತಿದ ಲೈನ್‌ಮನ್‌ಗೆ ಮಾರಕ: ಟ್ರಾನ್ಸ್‌ಫಾರ್ಮರ್ ಆ ವಿದ್ಯುತ್ತನ್ನು ಹಿಮ್ಮುಖವಾಗಿ ಸಾವಿರಾರು ವೋಲ್ಟ್‌ಗೇರಿಸುತ್ತದೆ.

ಆರ್‌ಸಿಸಿಬಿ ತೋಟದ ಮೇಲಿನ ತಂತಿಗೆ ಉಪಯೋಗವಿಲ್ಲ. ಅಲ್ಲಿ ಇರುವ ದಾರಿ ಒಂದೇ: ಮರಗಸಿಗೆ ಮುನ್ನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಶಾಖಾ ಕಚೇರಿಗೆ ಲಿಖಿತವಾಗಿ ತಿಳಿಸಿ ಲೈನ್ ಕ್ಲಿಯರ್ ಪಡೆಯುವುದು, ಮಾರ್ಗವನ್ನು ಭೂಸಂಪರ್ಕಗೊಳಿಸಿದ್ದಾಗಿ ಅವರ ಸಿಬ್ಬಂದಿ ಹೇಳುವವರೆಗೆ ಏಣಿ ಎತ್ತದಿರುವುದು. ಕರೆಂಟ್ ಹೋಗಿದೆ ಎಂಬುದು ಲೈನ್ ಕ್ಲಿಯರ್ ಅಲ್ಲ. ಹೋದದ್ದು ಯಾವ ಗಳಿಗೆಯಲ್ಲಾದರೂ ಬಂದೀತು. ಮುಂಗಾರಿಗೆ ಮುನ್ನ ಎಲ್ಲ ತೋಟಗಳಲ್ಲೂ ಒಟ್ಟಿಗೆ ಮರಗಸಿ ಶುರುವಾಗುವುದರಿಂದ ಅರ್ಜಿಯನ್ನು ಮಾರ್ಚ್‌ನಲ್ಲೇ ಕೊಡುವುದು ಒಳ್ಳೆಯದು.